ಹಾಲು ಉಕ್ಕುವ ಆಟಕ್ಕೆ ನನ್ನ ಪೀಠಿಕೆ

ನನ್ನ ಹೆಂಡತಿಯ ಕೆಲಸ ಹೋಗಲಿದೆ, ಪಾಪ, ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಾರದೆ ಒಳಗೊಳಗೇ ನವೆಯುತ್ತಿದ್ದಾಳೆ ಎಂದು ನಾನು ಒಂದಿಡೀ ಬೇಸಿಗೆ ನಂಬಿಕೊಂಡಿದ್ದೆ.

ಹಾಗೆ ನಂಬಿದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಆದರ್ಶ ಪತಿಗಳು ಕೇಳುವಂತೆ (ಅಂಥವರು ಎಲ್ಲಾದರೂ ಇದ್ದರೆ) ನಾನೂ ಕೇಳುತ್ತಿದ್ದೆ: "ಇವತ್ತು ಆಫೀಸಲ್ಲಿ ಏನು ಮಾಡಿದೆ?"

"ಕಿಟಕಿ ಕಿತ್ತುಹಾಕಿದೆ."

ಮರುದಿನ ಕೇಳಿದರೆ, "ಮೇಜು, ಕುರ್ಚಿ, ಗೋಡೆ ಗಡಿಯಾರ. ಎಲ್ಲಾ ಬಿಸಾಡಿದೆ. ಎಷ್ಟು ಹಗುರ ಅನ್ನಿಸ್ತು ಗೊತ್ತಾ?"

"ಗೋಡೆ?"

"ಗೋಡೆ ಇದೆ. ನಾಳೆ ನೋಡಬೇಕು."

ನೀವೇ ಹೇಳಿ. ಹೆಂಡತಿ ದಿನಾ ಆಫೀಸಿಗೆ ಹೋಗಿ ಮೇಜು ಕುರ್ಚಿ ಬಿಸಾಡಿ ಬರುತ್ತಾಳೆ ಎಂದರೆ ಗಂಡನಾದವನು ಏನೆಂದು ತಿಳಿಯಬೇಕು? ಕಂಪನಿ ಮುಚ್ಚುತ್ತಿದೆ, ಸಾಮಾನು ಸಾಗಿಸುವ ಕೆಲಸವನ್ನೂ ಇವಳ ಕೈಯಲ್ಲೇ ಮಾಡಿಸುತ್ತಿದ್ದಾರೆ, ಗೋಡೆ ಹೋದ ದಿನ ಇವಳೂ ಹೋಗುತ್ತಾಳೆ ಎಂದು ನಾನು ತೀರ್ಮಾನಿಸಿದೆ. ಗುಟ್ಟಾಗಿ ಅವಳ ಅಣ್ಣನಿಗೆ ಫೋನು ಮಾಡಿದೆ. "ಭಾವ, ನಿಮ್ಮ ಶಾಲೇಲಿ ಡ್ರಾಯಿಂಗ್ ಟೀಚರ್ ಜಾಗ ಖಾಲಿ ಇದ್ರೆ ಹೇಳಿ. ಅವಳಿಗೆ ಗೊತ್ತಾಗೋದು ಬೇಡ, ಮನಸ್ಸಿಗೆ ಹಚ್ಕೋತಾಳೆ" ಎಂದೆ. ಭಾವ ಗುಟ್ಟು ಕಾಪಾಡುವುದರಲ್ಲಿ ಗಟ್ಟಿಗರು. ನಾನು ಫೋನ್ ಇಡುವವರೆಗೂ ಕಾಪಾಡಿದರು. ಇಟ್ಟ ಮರುಕ್ಷಣ ಅಡುಗೆಮನೆಯಲ್ಲಿ ಅವಳ ಫೋನು ಹೊಡೆದುಕೊಂಡಿತು.

ಅವಳು ಸೌಟು ಹಿಡಿದುಕೊಂಡೇ ನಡುಮನೆಗೆ ಬಂದಳು. "ಏನ್ರೀ, ನನಗೆ ಕೆಲಸ ಹೋಯ್ತಂತೆ? ಊರಿಗೆಲ್ಲಾ ಹೇಳಿದ್ರಿ, ನನಗೊಂದು ಮಾತು ಹೇಳಬಾರದಿತ್ತಾ?"

ಆಮೇಲೆ ವಿಷಯ ತಿಳಿಯಿತು. ನನ್ನಾಕೆ ವಿಡಿಯೋ ಗೇಮ್ ಮಾಡುವವಳು. (ಇದು ನನಗೆ ಮೊದಲೇ ಗೊತ್ತಿತ್ತು. ಮಾಡುವುದೆಂದರೆ ಸೇರಿಸುವುದು ಎಂದುಕೊಂಡಿದ್ದೆ, ಅಷ್ಟೇ.) ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅವರ ಕಂಪನಿ. ಯಜಮಾನರು ಒಬ್ಬರು, ಸಿಬ್ಬಂದಿವರ್ಗ ಎಂದರೆ ಇವಳೊಬ್ಬಳು. ಯಜಮಾನರ ಗಡ್ಡ ಎದೆಯ ತನಕ ಇಳಿದಿರುವುದರಿಂದ ನಮ್ಮ ಮನೆಯಲ್ಲಿ ಅವರಿಗೆ ಗಡ್ಡದ ಯಜಮಾನರೆಂದೇ ಹೆಸರು. ಆ ಬೇಸಿಗೆಯಲ್ಲಿ ಇವಳು ಒಂದು ಹೊಸ ಆಟಕ್ಕಾಗಿ ಪರದೆಯ ಮೇಲೆ ಒಂದು ಅಡುಗೆಮನೆ ಬರೆದಿದ್ದಳು. ಬರೆದು ಮುಗಿಸಿದ ಮೇಲೆ ಅದರಿಂದ ಒಂದೊಂದೇ ವಸ್ತುವನ್ನು ಅಳಿಸತೊಡಗಿದ್ದಳು. ಕಿಟಕಿ ಹೋಯಿತು, ಮೇಜು ಹೋಯಿತು, ಕೊನೆಗೆ ಗೋಡೆಯೂ ಹೋಯಿತು. ಉಳಿದದ್ದು ಒಂದು ಒಲೆ, ಒಂದು ಪಾತ್ರೆ, ಪಾತ್ರೆಯಲ್ಲಿ ಹಾಲು.

"ಎಲ್ಲಿ, ಆಟ ತೋರಿಸು" ಎಂದೆ.

ತೋರಿಸಿದಳು. ಟ್ಯಾಬಿನ ಮೇಲೆ ಬೆರಳಿಟ್ಟರೆ ಒಲೆ ಹತ್ತುತ್ತದೆ. ಎತ್ತಿದರೆ ಆರುತ್ತದೆ. ಹಾಲು ಮೆಲ್ಲಗೆ ನಡುಗುತ್ತದೆ, ಅಂಚಿನಲ್ಲಿ ಚಿಕ್ಕ ಚಿಕ್ಕ ಗುಳ್ಳೆ ಏಳುತ್ತವೆ, ಕೆನೆ ಮೈಮುರಿದು ಎದ್ದು ಮೇಲೆ ಮೇಲೆ ಬರುತ್ತದೆ. ಉಕ್ಕುವುದಕ್ಕೆ ಒಂದು ಉಸಿರು ಮುಂಚೆ ಬೆರಳೆತ್ತಬೇಕು. ಬೇಗ ಎತ್ತಿದರೆ ಹಾಲು ಕಾಯಲಿಲ್ಲ. ತಡವಾದರೆ ಸುಂಯ್ ಎಂದು ಒಲೆಯ ಮೇಲೆ. ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಒಮ್ಮೆ ಸೋಮಾರಿ ಹಾಲು, ಒಮ್ಮೆ ಸಿಡುಕಿನ ಹಾಲು. ಮುಗಿಯಿತು, ಆಟ ಅಷ್ಟೇ. ಈ ಆಟಕ್ಕೆ ಸ್ಫೂರ್ತಿ ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲರೂ ನನ್ನ ಕಡೆ ನೋಡಿ ಸುಮ್ಮನಾಗುತ್ತಾರೆ.

"ಇಷ್ಟೇನಾ?" ಎಂದು ಕೇಳಿದೆ.

ಅವಳ ಮುಖ ಸ್ವಲ್ಪ ಸಣ್ಣದಾಯಿತು. "ಇಷ್ಟೇ" ಎಂದಳು. ಆಮೇಲೆ ಟ್ಯಾಬನ್ನು ಸೆರಗಿನಲ್ಲಿ ಒರೆಸುತ್ತಾ, "ಹತ್ತು ವರ್ಷ ಬೇರೆಯವರ ಆಟಕ್ಕೆ ಹುಲ್ಲು ಬರೆದಿದ್ದೀನಿ ರೀ. ಕುದುರೆ ಓಡೋ ಆಟಕ್ಕೂ ಹುಲ್ಲು, ಯುದ್ಧದ ಆಟಕ್ಕೂ ಹುಲ್ಲು. ಒಬ್ಬರೂ ಆ ಹುಲ್ಲು ನೋಡಲಿಲ್ಲ, ಅದರ ಮೇಲೆ ಓಡಿಕೊಂಡು ಹೋದ್ರು. ಇದೊಂದು ನನ್ನದೇ ಆಟ. ಇದರಲ್ಲಿ ನೋಡದೇ ಇರೋವಂಥದ್ದು ಒಂದೂ ಇರಬಾರದು" ಎಂದಳು.

ಆ ಮಾತು ನನ್ನ ಮನಸ್ಸಿಗೆ ತಟ್ಟಿತು. ಇವಳಿಗೆ ಸಹಾಯ ಮಾಡಲೇಬೇಕು ಎಂದು ಅಂದೇ ಸಂಕಲ್ಪ ಮಾಡಿದೆ. ಮುಂದಿನ ಅನರ್ಥಗಳೆಲ್ಲ ಈ ಸತ್ಸಂಕಲ್ಪದಿಂದ ಹುಟ್ಟಿದವು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು. ನಾನು ಗ್ರಂಥಕರ್ತ. ಮಿಕ್ಸಿ, ಕುಕ್ಕರ್, ಇಸ್ತ್ರಿಪೆಟ್ಟಿಗೆ ಇವುಗಳ ಡಬ್ಬದೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ಡಬ್ಬ ಒಡೆದ ಕೂಡಲೇ ನೀವು ಪಕ್ಕಕ್ಕೆಸೆದು ಆಮೇಲೆ ಅಲಮಾರಿಯ ಅರೆಗೆ ಹಾಸುತ್ತೀರಲ್ಲ, ಅದನ್ನು ಬರೆಯುವವನು. ಬೇರೆಯವರು ಇಸ್ತ್ರಿಪೆಟ್ಟಿಗೆಗೆ ಒಂದು ಹಾಳೆ ಬರೆದು ಕೈತೊಳೆದುಕೊಳ್ಳುತ್ತಾರೆ. ನನ್ನ ಗ್ರಂಥದಲ್ಲಿ ಮೊದಲ ಅಧ್ಯಾಯವೇ 'ಸುಕ್ಕು ಎಂದರೇನು?' ನೀರು ಕಾಯಿಸುವ ಕೆಟಲ್ಲಿಗೆ ಬರೆದಾಗ 'ನೀರು: ಒಂದು ಪರಿಚಯ' ಎಂಬ ಪ್ರಸ್ತಾವನೆಯನ್ನು ಸೇರಿಸಿದ್ದೆ. ನನ್ನ ಪುಸ್ತಕಗಳ ಬಗ್ಗೆ ಇದುವರೆಗೆ ಒಬ್ಬ ಓದುಗನೂ ದೂರಿಲ್ಲ. (ಓದುಗ ಸಿಕ್ಕರೆ ತಾನೇ ದೂರುವುದು, ಎನ್ನುತ್ತಾಳೆ ಇವಳು.) ಇಂಥ ನಾನು ಮನೆಯಲ್ಲಿರುವಾಗ ಇವಳ ಆಟ ಒಂದು ಅಕ್ಷರವೂ ಇಲ್ಲದೆ, ಬರಿಮೈಯಲ್ಲಿ ಪ್ರಪಂಚಕ್ಕೆ ಹೋಗುವುದೇ?

ಅವಕಾಶ ತಾನಾಗಿ ಬಂತು. ಒಂದು ಭಾನುವಾರ ಗಡ್ಡದ ಯಜಮಾನರು ಗಡ್ಡ ಎಳೆದುಕೊಳ್ಳುತ್ತಾ ನಮ್ಮ ಮನೆಗೆ ಬಂದರು. ಆಟಗಳನ್ನು ಕೊಂಡು ಜನಕ್ಕೆ ತಲುಪಿಸುವ ದೊಡ್ಡ ಕಂಪನಿಯೊಂದರಿಂದ ಯಾರೋ ಒಂದು ವಾರ ಬಿಟ್ಟು ಸೋಮವಾರ ಆಟ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಹಾಲಿನ ಆಟ ಲೋಕಕ್ಕೆ ಹೋಗುತ್ತದೆ. ಒಪ್ಪದಿದ್ದರೆ ಯಜಮಾನರು ಇನ್ಯಾರಿಗೋ ಒಂದು ಬಣ್ಣಬಣ್ಣದ ರತ್ನ ಜೋಡಿಸುವ ಆಟ ಮಾಡಿಕೊಡಬೇಕು, ಹಾಲಿನ ಆಟ ಕಸದ ಬುಟ್ಟಿಗೆ.

"ಆಗ ನನಗೇನು ಕೆಲಸ?" ಎಂದು ಇವಳು ಕೇಳಿದಳು.

ಯಜಮಾನರು ನೆಲ ನೋಡಿದರು. "ಪಚ್ಚೆ ಕಲ್ಲಿಗೆ ಹೊಳಪು ಬರೀಬೇಕಾಗುತ್ತೆ ಮೇಡಂ."

"ಹುಲ್ಲೂ ಹಸಿರು, ಪಚ್ಚೆಯೂ ಹಸಿರು. ಬಡ್ತಿ ಅನ್ನಿ" ಎಂದು ನಗುತ್ತಲೇ ಹೇಳಿ ಅವಳು ಚಹಾ ಮಾಡಲು ಒಳಗೆ ಹೋದಳು. ಒಳಗೆ ಲೋಟಗಳು ಎಂದಿಗಿಂತ ಜೋರಾಗಿ ಸದ್ದು ಮಾಡಿದವು.

ಯಜಮಾನರು ನನ್ನ ಕಡೆ ಬಗ್ಗಿದರು. "ಸಾರ್, ಬಂದವರು 'ಇಷ್ಟೇನಾ?' ಅಂತ ಕೇಳಿಬಿಟ್ರೆ ಏನು ಹೇಳೋದು ಸಾರ್?"

ಕುಡಿಯುವವನ ಮುಂದೆ ಬಾಟಲಿ ಇಟ್ಟ ಹಾಗಾಯಿತು. "ಹಾಗೆ ಕೇಳದ ಹಾಗೆ ಮಾಡೋದು ನನ್ನ ಕೆಲಸ" ಎಂದೆ. ಚಹಾ ಬರುವಷ್ಟರಲ್ಲಿ ನನ್ನ ಬಾಯಿಂದ ಕ್ಷೀರಸಾಮ್ರಾಜ್ಯ ಹೊರಬಿದ್ದಿತ್ತು. ಅದಕ್ಕೊಬ್ಬ ರಾಜ. ರಾಜನಿಗೊಂದು ಶಾಪ: ಹಾಲು ಉಕ್ಕಿದರೆ ಅವನ ವಂಶ ನಿರ್ವಂಶ. ಒಲೆ ಒಂದೇ ಏಕೆ? ಕಟ್ಟಿಗೆಯದು, ಇದ್ದಿಲಿನದು, ಸೀಮೆಎಣ್ಣೆಯದು, ಹೀಗೆ ಏಳು ಒಲೆಗಳಲ್ಲಿ ಆಡುವವನೇ ಆರಿಸಿಕೊಳ್ಳಲಿ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆಂದು ತೋರಿಸಲು ಒಂದು ಬಾಣ. ಶಾಖ ಅಳೆಯಲು ಒಂದು ಪಟ್ಟಿ. ಹಾಲು ಕದಿಯಲು ವೈರಿ ರಾಜನು ಕಳಿಸಿದ ಒಂದು ಬೆಕ್ಕು. ಇವೆಲ್ಲಕ್ಕೂ ಮೊದಲು ನನ್ನ ಲೇಖನಿಯಿಂದ ಒಂದು ಪೀಠಿಕೆ, ಸಂಕ್ಷಿಪ್ತವಾಗಿ, ಪರದೆಯ ಮೇಲೆ ಹದಿನೆಂಟು ಪುಟ.

ಯಜಮಾನರ ಕಣ್ಣು ಹೊಳೆಯಿತು. ಇವಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು.

"ಬೆಕ್ಕು ಬೇರೇನಾ?" ಎಂದಳು.

"ರೋಚಕತೆಗೆ ಕಣೇ."

"ಹಾಲು ಉಕ್ಕೋದಕ್ಕಿಂತ ರೋಚಕ ಇನ್ನೇನು ಬೇಕ್ರೀ? ನಿಮ್ಮ ಕೈಲಿ ಹಾಲು ಕೊಟ್ಟಾಗಲೆಲ್ಲ ನನಗೆ ಎದೆ ಹೊಡ್ಕೊಳ್ಳುತ್ತೆ."

ಜಗಳ ಆಯಿತು. ದೊಡ್ಡದೇನಲ್ಲ, ಅತಿಥಿಗಳ ಮುಂದೆ ಆಡಬಹುದಾದಷ್ಟು. ಕೊನೆಗೆ ಅವಳು ಚಹಾ ಕೊಟ್ಟು, ಕುಳಿತು, ಅನುಮಾನ ಬರುವಷ್ಟು ಶಾಂತವಾಗಿ ಹೇಳಿದಳು: "ಸರಿ. ಎಲ್ಲಾ ಸೇರಿಸ್ತೀನಿ. ಆದ್ರೆ ನಮ್ಮ ಪದ್ಧತಿ ಬಿಡೋ ಹಾಗಿಲ್ಲ. ಶನಿವಾರ ಯಾರಾದ್ರೂ ಒಬ್ಬರು ಕೂತು ಆಡಲಿ. ನಾವು ಹಿಂದೆ ಕೂತು ನೋಡೋಣ."

ಅವರ ಪದ್ಧತಿ ಇಷ್ಟು. ಹೊಸಬರೊಬ್ಬರ ಕೈಗೆ ಆಟ ಕೊಟ್ಟು, ಮಾಡಿದವರು ಹಿಂದೆ ಬಾಯಿಮುಚ್ಚಿಕೊಂಡು ಕೂರಬೇಕು. ಹೀಗೆ ಒತ್ತಿ, ಹಾಗೆ ಮಾಡಿ ಎಂದು ಹೇಳಿಕೊಡುವಂತಿಲ್ಲ. ತಡೆಯಲಾರದೆ ಮಾತಾಡಿದಿರೋ, ಯಾವುದರ ಬಗ್ಗೆ ಮಾತಾಡಿದಿರೋ ಅದು ಆಟದಿಂದ ಹೋಗುತ್ತದೆ. ಮನೆಮನೆಗೂ ಹೋಗಿ ಪ್ರತಿಯೊಬ್ಬರ ಹಿಂದೆ ಕೂತು ವಿವರಿಸುವುದಕ್ಕಾಗುತ್ತದೆಯೇ, ವಿವರಿಸಬೇಕಾದದ್ದು ಇರಲೇಬಾರದು ಎಂಬುದು ಅವರ ತರ್ಕ.

ನಾನು ಸಂತೋಷದಿಂದ ಒಪ್ಪಿದೆ. ನನ್ನ ಆಟದಲ್ಲಿ ವಿವರಣೆಗೇನು ಕೊರತೆ? ಹದಿನೆಂಟು ಪುಟ ಇದೆಯಲ್ಲ! ಆಡುವವರು ಯಾರು ಎಂದು ಕೇಳಿದೆ.

"ಅತ್ತೆ" ಎಂದಳು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅವಳ ಅತ್ತೆ ಎಂದರೆ ನನ್ನ ಹೆತ್ತಮ್ಮ! ನಮ್ಮ ಜೊತೆಗೇ ಇದ್ದಾಳೆ. ಅತ್ತೆ ಸೊಸೆಗೆ ಜಗಳವೇನಿಲ್ಲ. ಆದರೆ ಸೊಸೆ ಮಾಡಿದ ಯಾವುದರಲ್ಲೂ ಒಂದು ಕುಂದು ಸಿಗದಿದ್ದರೆ ಅಮ್ಮನಿಗೆ ಊಟ ಸೇರುವುದಿಲ್ಲ. ಪಂದ್ಯ ಶುರುವಾಗುವ ಮೊದಲೇ ತೀರ್ಪುಗಾರರನ್ನು ನನ್ನ ಮಡಿಲಿಗೆ ಹಾಕಿದಂತಾಯಿತು.

ಶನಿವಾರ ಮಧ್ಯಾಹ್ನ ನಡುಮನೆಯಲ್ಲಿ ಸಭೆ ಸೇರಿತು. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹಿಂದಿನ ಸೋಫಾದಲ್ಲಿ ನಾನು, ಇವಳು, ಲ್ಯಾಪ್‌ಟಾಪ್ ಹಿಡಿದ ಯಜಮಾನರು. ನಾನು ಸೇರಿಸಿದ ಒಂದೊಂದಕ್ಕೂ ಇವಳು ಒಂದೊಂದು ಸ್ವಿಚ್ಚು ಇಟ್ಟಿದ್ದಳಂತೆ. ಲ್ಯಾಪ್‌ಟಾಪಿನಲ್ಲಿ ಆರಿಸಿದರೆ ಟ್ಯಾಬಿನಲ್ಲಿ ಮಾಯ. ಆ ಮುಂದಾಲೋಚನೆ ನೋಡಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಏನಮ್ಮಾ, ನನ್ನನ್ಯಾಕೆ ಕೂರಿಸಿದೀಯ? ನನಗೆ ಇದೆಲ್ಲಾ ಬರಲ್ಲ" ಎಂದಳು ಅಮ್ಮ.

"ಬರದೇ ಇರೋರೇ ಬೇಕು ಅತ್ತೆ. ತಪ್ಪು ಕಂಡರೆ ಹೇಳಿ."

"ನಿನ್ನ ತಪ್ಪು ಹೇಳೋದಾ? ಅದು ಬರುತ್ತೆ." ಅಮ್ಮ ಹುರುಪಿನಿಂದ ಕನ್ನಡಕ ಏರಿಸಿದಳು.

ಪೀಠಿಕೆ ಶುರುವಾಯಿತು. ಅಮ್ಮ ಗಟ್ಟಿಯಾಗಿ ಓದಿದಳು. "'ಅನಾದಿಕಾಲದಲ್ಲಿ ಸಪ್ತಶಿಖರ ಪರಿವೇಷ್ಟಿತವಾದ ಕ್ಷೀರಸಾಮ್ರಾಜ್ಯವೆಂಬೊಂದು...' ಇದನ್ನ ಬರೆದವರಿಗೆ ಉಸಿರಾಡೋ ಅಭ್ಯಾಸ ಇಲ್ವಾ?"

ನನ್ನ ಕಿವಿ ಬಿಸಿಯಾಯಿತು. ಸುಮ್ಮನಿದ್ದೆ. ಎರಡನೆಯ ಪುಟದಲ್ಲಿ ಅಮ್ಮನ ದನಿ ಇಳಿಯಿತು. ಮೂರನೆಯದರಲ್ಲಿ ತುಟಿ ಮಾತ್ರ ಆಡಿತು. ನಾಲ್ಕನೆಯದರಲ್ಲಿ ತಲೆ ಎದೆಯ ಮೇಲೆ ವಾಲಿತು.

"ಅಮ್ಮಾ! ಮುಂದೆ ಚೆನ್ನಾಗಿದೆ ಅಮ್ಮಾ, ಓದು!" ಎಂದುಬಿಟ್ಟೆ.

ಪಕ್ಕದಲ್ಲಿ ಇವಳು ತಲೆಯನ್ನೂ ತಿರುಗಿಸದೆ ಹೇಳಿದಳು: "ಪೀಠಿಕೆ." ಯಜಮಾನರು ಒಂದು ಗುಂಡಿ ಒತ್ತಿದರು. ನಾನು ಇಡೀ ವಾರ ಬೆವರು ಸುರಿಸಿ ಕಟ್ಟಿದ ಹದಿನೆಂಟು ಪುಟಗಳು ಒಂದು ಸಣ್ಣ 'ಟಕ್' ಶಬ್ದದೊಂದಿಗೆ ಕಾಲವಶವಾದವು.

ಅಮ್ಮ ಎಚ್ಚರಾಗಿ ಪರದೆ ನೋಡಿದಳು. "ಇವನ್ಯಾರೋ ಕಿರೀಟದವನು? ಅಳ್ತಾ ಇದಾನೆ?"

"ರಾಜ" ಎಂದೆ. ಒಂದೇ ಪದ! ಒಂದು ಪದವನ್ನು ಯಾರು ಮಾತೆಂದು ಲೆಕ್ಕಕ್ಕೆ ಹಿಡಿಯುತ್ತಾರೆ?

"ರಾಜ ಆದ್ರೆ ಹಾಲು ಕಾಯ್ಸೋಕೆ ಒಬ್ಬ ಆಳಿಲ್ವಾ?"

"ಶಾಪ ಇದೆ ಅಮ್ಮಾ, ಅದಕ್ಕೆ ಬೇರೆ ಯಾರೂ..."

"ರಾಜ. ಶಾಪ" ಎಂದಳು ಇವಳು. ಟಕ್, ಟಕ್. ರಾಜ ನಿರ್ವಂಶನಾದ. ಹಾಲು ಇನ್ನೂ ಒಲೆಯ ಮೇಲೇ ಏರಿರಲಿಲ್ಲ.

"ಅನ್ಯಾಯ!" ಎಂದು ನಾನು ಪಿಸುಗುಟ್ಟಿದೆ.

"ಪದ್ಧತಿ" ಎಂದು ಅವಳೂ ಪಿಸುಗುಟ್ಟಿದಳು.

"ಹಿಂದೆ ಏನ್ರೋ ಗುಸುಗುಸು?" ಅಮ್ಮ ತಿರುಗದೆಯೇ ಗದರಿದಳು. "ಇದ್ಯಾಕೆ ಒಲೆ ಅಂಗಡಿ ತೆಗೆದಿದ್ದೀರಾ? ಏಳು ಒಲೆ! ನನ್ನ ಮಗನಿಗೆ ಮನೇಲಿರೋ ಒಂದು ಒಲೆ ಹಚ್ಚೋಕೆ ಬರಲ್ಲ. ಯಾವುದು ಒತ್ತಲಿ?"

ನಾನು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಮನಸ್ಸಿನಲ್ಲೇ ಜಪಿಸಿದೆ. ಅಮ್ಮನ ಬೆರಳು ಕಟ್ಟಿಗೆ ಒಲೆಯ ಮೇಲೆ ಹೋಯಿತು, ಇದ್ದಿಲ ಒಲೆಗೆ ಬಂತು, ಮತ್ತೆ ಕಟ್ಟಿಗೆಗೆ ಹೋಯಿತು. ಹೋಯಿತು, ಬಂತು. ನನ್ನೊಳಗೆ ಹದಿನೆಂಟು ಪುಟಗಳಷ್ಟು ಮಾತು ಗುಳ್ಳೆಯೇಳುತ್ತಿತ್ತು.

"ಯಾವುದಾದ್ರೂ ಒಂದು ಒತ್ತು ಮಾರಾಯ್ತೀ!"

"ಒಲೆ" ಎಂದಳು ಇವಳು. ಟಕ್. ಏಳು ಹೋಗಿ ಒಂದಾಯಿತು.

ಅಂತೂ ಹಾಲು ಒಲೆಯ ಮೇಲೆ ಬಂತು. ಗಾಳಿಯ ಬಾಣ ತಿರುಗತೊಡಗಿತು. ಅದನ್ನು ನೊಣವೆಂದು ತಿಳಿದು ಅಮ್ಮ ಎರಡು ಸಲ ಕೈಬೀಸಿದಳು. ನಾನು ವಿವರಿಸಿದೆ, ಬಾಣ ಹೋಯಿತು. ಶಾಖದ ಪಟ್ಟಿ ಕೆಂಪಾಯಿತು. "ಇದೇನೋ ಪಕ್ಕದಲ್ಲಿ ಪೇಂಟ್ ಮೆತ್ತಿದೆ" ಎಂದಳು. ನಾನು ಮೂಗಿನಿಂದ ಒಂದು ಶಬ್ದ ಮಾಡಿದೆ, ಅಷ್ಟೇ. ಅದೂ ಮಾತೆಂದೇ ತೀರ್ಪಾಯಿತು. ಪಟ್ಟಿಯೂ ಹೋಯಿತು.

ಉಳಿದದ್ದು ಬೆಕ್ಕು. ನನ್ನ ಕೊನೆಯ ಕುಡಿ. ಇದೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕುಳಿತೆ. ಬೆಕ್ಕು ಪರದೆಯ ಮೂಲೆಯಿಂದ ಬಂದು ಮಿಯಾಂವ್ ಎಂದಿತು.

"ಅಯ್ಯೋ, ಪಾಪ ಕಣಮ್ಮಾ!" ಅಮ್ಮನ ದನಿ ಬೆಣ್ಣೆಯಾಯಿತು. "ಹಸಿದಿದೆ. ಬಾ ಬಾ, ಹಾಲು ಕುಡಿ." ಬೆಕ್ಕಿನ ತಲೆ ಸವರಿದಳು. ಅದು ಸಂತೋಷದಿಂದ ಹಾಲಿನ ಪಾತ್ರೆಯನ್ನೇ ಮಗುಚಿಹಾಕಿತು. ಆಟ ಮುಗಿಯಿತು.

"ಅದು ಶತ್ರು ಅಮ್ಮಾ!" ನಾನು ಎದ್ದೇ ನಿಂತೆ. "ವೈರಿ ರಾಜನ ಗೂಢಚಾರಿ!"

"ಬೆಕ್ಕಿಗೆ ಒಂದು ಗುಟುಕು ಹಾಲು ಹಾಕಿದ್ರೆ ತಪ್ಪೇನೋ? ನಿನ್ನನ್ನ ಹೀಗಾ ಬೆಳೆಸಿದ್ದು ನಾನು?"

"ರಾಜನೇ ಹೋದ ಮೇಲೆ ಗೂಢಚಾರಿಗೆ ಸಂಬಳ ಯಾರು ಕೊಡ್ತಾರೆ? ಬೆಕ್ಕು" ಎಂದಳು ಇವಳು. ಟಕ್.

ಹೀಗೆ ನನ್ನ ಸಾಮ್ರಾಜ್ಯವನ್ನು ಯಾವ ವೈರಿಯೂ ಮುತ್ತಲಿಲ್ಲ, ಯಾವ ಕೋಟೆಯೂ ಬೀಳಲಿಲ್ಲ. ನನ್ನ ನಾಲಗೆಯೊಂದೇ ಅದನ್ನು ಗುಡಿಸಿ ಸಾರಿಸಿ ಹಾಕಿತು. ಪರದೆಯ ಮೇಲೆ ಉಳಿದದ್ದು ಒಂದು ಒಲೆ, ಒಂದು ಪಾತ್ರೆ, ಪಾತ್ರೆಯಲ್ಲಿ ಹಾಲು. ನಾನು ಸೋಫಾದಲ್ಲಿ ಕುಸಿದೆ. ಈಗ ಇವಳ ಸರದಿ.

ಇವಳು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದಳು. ಮುಖ ನೋಡಿದರೆ ಎಂದಿನಂತೆಯೇ ಇತ್ತು. ಕಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಕೆರೆಯುತ್ತಿತ್ತು. ಹಾಲನ್ನು ನೋಡಬೇಕಾದ ನಾನು ಅದೇಕೋ ಆ ಹೆಬ್ಬೆರಳನ್ನೇ ನೋಡುತ್ತಾ ಕುಳಿತೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಬರೀ ಹಾಲಾ?" ಎಂದಳು. ಮುಟ್ಟಿದಳು. ಒಲೆ ಹತ್ತಿತು. ಬೆದರಿ ಕೈಯೆತ್ತಿದಳು. ಆರಿತು. "ಓಹೋ" ಎಂದಳು. ಮತ್ತೆ ಇಟ್ಟಳು. ಹಾಲು ನಡುಗಿತು, ಕೆನೆ ಎದ್ದಿತು, ಏರಿತು, ಸುಂಯ್!

"ಅಯ್ಯಯ್ಯೋ! ಉಕ್ಕಿಹೋಯ್ತಲ್ಲೇ!" ಅಮ್ಮ ಸೊಸೆಯ ಕಡೆ ತಿರುಗಿದಳು. "ಉಕ್ಕುತ್ತೆ ಅಂತ ಒಂದು ಮಾತು ಹೇಳಬಾರದಾ?"

ಇವಳ ತುಟಿ ಬಿಗಿಯಿತು.

ಅಮ್ಮ ಅರೆಕ್ಷಣ ಯೋಚಿಸಿದಳು. "ಅದೇನು ಹೇಳೋದು, ಹಾಲಿಟ್ರೆ ಉಕ್ಕುತ್ತೆ" ಎಂದು ತನಗೆ ತಾನೇ ಹೇಳಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮುಂದಕ್ಕೆ ಬಾಗಿದಳು. ಅಲ್ಲಿಂದ ಮುಂದೆ ನಾವು ಆ ಕೋಣೆಯಲ್ಲಿದ್ದೇವೆ ಎಂಬುದನ್ನೇ ಅವಳು ಮರೆತಳು. "ಬಾ... ಬಾ... ಇನ್ನೂ... ಛೆ, ಬೇಗ ತೆಗೆದೆ." "ಈ ಸಲ ಸೋಮಾರಿ, ನೋಡು ಹೇಗೆ ಕೂತಿದೆ." "ಏಯ್, ನನಗೇ ಮೋಸನಾ?" ಯಜಮಾನರ ಕುತ್ತಿಗೆ ಉದ್ದವಾಯಿತು. ನನ್ನದೂ ಆಯಿತು. ಕೆನೆ ಅಂಚಿಗೆ ಬಂದಾಗಲೆಲ್ಲ ಮೂವರೂ ಒಟ್ಟಿಗೆ ಉಸಿರು ಹಿಡಿಯುತ್ತಿದ್ದೆವು. ಒಮ್ಮೆ ಹಾಲು ಪಾತ್ರೆಯ ಕಂಠಕ್ಕೆ ಬಂದು, ಉಬ್ಬಿ, ಇನ್ನೇನು ಬಿದ್ದೇಬಿಟ್ಟಿತು ಎನ್ನುವಾಗ ಅಮ್ಮ ಬೆರಳೆತ್ತಿದಳು. ಹಾಲು ನಿಟ್ಟುಸಿರು ಬಿಟ್ಟಂತೆ ಇಳಿಯಿತು. ಅಮ್ಮ "ಹಾಂ!" ಎಂದು ಕುರ್ಚಿಯ ಕೈಗೆ ಗುದ್ದಿದಳು.

ಆಮೇಲೆ ತೀರ್ಪು ಕೊಟ್ಟಳು. "ನಿನ್ನ ಒಲೆ ಸರಿ ಇಲ್ಲಮ್ಮಾ. ಕೈಯೆತ್ತಿದ ತಕ್ಷಣ ಹಾಲು ಇಳಿದುಬಿಡುತ್ತೆ. ನಿಜವಾದ ಒಲೇಲಿ ಆರಿಸಿದ ಮೇಲೂ ಪಾತ್ರೆ ಬಿಸಿ ಇರುತ್ತೆ, ಇನ್ನೊಂದು ಚೂರು ಏರುತ್ತೆ. ಅದನ್ನ ಸರಿಮಾಡು. ಆಗ ಇನ್ನೂ ಕಷ್ಟ ಆಗುತ್ತೆ."

"ಮಾಡ್ತೀನಿ ಅತ್ತೆ!" ಇವಳು ಹಾರಿ ಎದ್ದು ಅಮ್ಮನ ಕೆನ್ನೆ ಹಿಂಡಿದಳು. ಸೊಸೆ ಮಾಡಿದ್ದರಲ್ಲಿ ಕುಂದು ಸಿಕ್ಕಿದ ಸಂತೋಷ ಅಮ್ಮನಿಗೆ, ಅದನ್ನು ಹುಡುಕಿಸಿಕೊಂಡ ಸಂತೋಷ ಇವಳಿಗೆ. ಅತ್ತೆ ಸೊಸೆ ಕೂಡಿ ನಕ್ಕರು. ಅಮ್ಮ ಮಾತ್ರ ಟ್ಯಾಬನ್ನು ವಾಪಸು ಕೊಡಲಿಲ್ಲ.

ಸೋಮವಾರ ಬಂತು. ನಾನು ರಜೆ ಹಾಕಿ, ನಾನೂ ಬರುತ್ತೇನೆ ಎಂದೆ.

"ಬರಬಹುದು. ಬಾಯಿ ಮನೇಲಿ ಬಿಟ್ಟು ಬನ್ನಿ" ಎಂದಳು ಇವಳು.

ದೊಡ್ಡ ಕಂಪನಿಯ ಪ್ರತಿನಿಧಿಯೆಂದರೆ ಸೂಟು, ಬೂಟು, ಹಿಂದೆ ಇಬ್ಬರು ಎಂದು ನಾನು ಕಲ್ಪಿಸಿಕೊಂಡಿದ್ದೆ. ಬಂದದ್ದು ಸ್ಕೂಟರಿನಲ್ಲಿ ಒಬ್ಬ ಹೆಂಗಸು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, "ಬೇಗ ತೋರಿಸಿಬಿಡಿ, ಇನ್ನೂ ಎರಡು ಕಡೆ ಹೋಗಬೇಕು" ಎಂದರು. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಬುಸುಗುಡುತ್ತಿತ್ತು. ಇವಳು ಟ್ಯಾಬನ್ನು ಅವರ ಕೈಗೆ ಕೊಟ್ಟು ಹಿಂದೆ ಸರಿದಳು.

ಅವರು ಬೆರಳಿಟ್ಟರು. ಸುಂಯ್. ಮತ್ತೆ ಇಟ್ಟರು. ಬೇಗ ಎತ್ತಿದರು. ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿ, ಯಜಮಾನರು ಒಂದು ವಾರದಿಂದ ಹೆದರುತ್ತಿದ್ದ ಅದೇ ಪ್ರಶ್ನೆಯನ್ನು ಕೇಳಿದರು.

"ಇಷ್ಟೇನಾ?"

ಯಜಮಾನರು ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿದರು. ಆ ಒಂದು ಗಳಿಗೆಯಲ್ಲಿ ನನ್ನ ಗಂಟಲಿನವರೆಗೆ ಏನೇನು ಬಂತೆಂದು ಹೇಗೆ ಹೇಳಲಿ? ಸಪ್ತಶಿಖರಗಳು ಬಂದವು. ರಾಜ ಬಂದ. ಬೆಕ್ಕು ಬಂದು ಹಲ್ಲುಗಳ ಹಿಂದೆ ಕುಳಿತು ಮಿಯಾಂವ್ ಎಂದಿತು. "ಅಮ್ಮಾವ್ರೇ, ಇದಕ್ಕೊಂದು ಹಿನ್ನೆಲೆ ಇದೆ" ಎಂಬ ವಾಕ್ಯ ಪೂರ್ತಿಯಾಗಿ ನಾಲಗೆಯ ತುದಿಗೆ ಬಂದು ನಿಂತಿತ್ತು. ಇವಳು ನನ್ನ ಕಡೆ ನೋಡಲಿಲ್ಲ. ಅವಳ ಚಪ್ಪಲಿಯೊಳಗೆ ಹೆಬ್ಬೆರಳು ಮಡಚಿಕೊಂಡಿತ್ತು.

ನಾನು ನುಂಗಿದೆ. ಇಡೀ ಸಾಮ್ರಾಜ್ಯವನ್ನು ನುಂಗಿದೆ.

"ಇಷ್ಟೇ" ಎಂದಳು ಇವಳು.

ಆ ಹೆಂಗಸು ಮತ್ತೆ ಬೆರಳಿಟ್ಟರು. ಕೆನೆ ಎದ್ದಿತು. ಕೈಯೆತ್ತಿದರು. ಅಮ್ಮ ಹೇಳಿದ್ದಂತೆ ಸರಿಮಾಡಿದ ಪಾತ್ರೆಯಲ್ಲಿ ಹಾಲು ಇನ್ನೊಂದು ಚೂರು ಏರಿ, ಒಂದೇ ಒಂದು ಹನಿ ಅಂಚಿನಿಂದ ಜಾರಿತು. "ಅಯ್ಯೋ, ಆರಿಸಿದ್ದೆನಲ್ಲಾ!" ಎಂದು ಅವರು ಕೂಗಿದರು. ಹೆಲ್ಮೆಟ್ಟು ತೊಡೆಯಿಂದ ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ. ಅವರ ಫೋನು ಹೊಡೆದುಕೊಂಡಿತು. ತೆಗೆದುಕೊಳ್ಳಲಿಲ್ಲ. ಕೆಳಗೆ ಯಾವುದೋ ಟೈರು ಢಮ್ಮೆಂದು ಸಿಡಿದಾಗ ಬೆಚ್ಚಿಬಿದ್ದು ಒಂದು ಪಾತ್ರೆ ಪೂರ್ತಿ ಉಕ್ಕಿಸಿದರು, ಆ ಟೈರಿನವನ ಮನೆತನವನ್ನೆಲ್ಲ ಬೈದರು, ಮತ್ತೆ ಬೆರಳಿಟ್ಟರು.

ಇನ್ನೆರಡು ಕಡೆ ಹೋಗಬೇಕಾದವರು ಒಂದು ಕಡೆಗೂ ಹೋಗಲಿಲ್ಲವೆಂದು ಆಮೇಲೆ ಗೊತ್ತಾಯಿತು. ಕೊನೆಗೆ ಟ್ಯಾಬನ್ನು ಒಲ್ಲದ ಮನಸ್ಸಿನಿಂದ ಕೆಳಗಿಟ್ಟು ಹೇಳಿದರು: "ನಾವು ತಗೋತೀವಿ. ಒಂದೇ ಷರತ್ತು. ದಯವಿಟ್ಟು ಇದಕ್ಕೆ ಏನೂ ಸೇರಿಸಬೇಡಿ."

ಯಜಮಾನರೂ ಇವಳೂ ಒಟ್ಟಿಗೆ ನನ್ನ ಕಡೆ ನೋಡುವ ಅಗತ್ಯವಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಸಂಜೆ ಇಬ್ಬರೂ ನಡೆದುಕೊಂಡೇ ಮನೆಗೆ ಹೊರಟೆವು. ಬಸ್ಸು ಸಿಗುತ್ತಿತ್ತು, ಇವಳಿಗೆ ನಡೆಯಬೇಕೆನ್ನಿಸಿತಂತೆ. ದಾರಿಯ ಅಂಗಡಿಯಲ್ಲಿ ಎರಡು ಪೇರಲ ಹಣ್ಣು ಕೊಂಡು ಒಂದನ್ನು ನನ್ನ ಕೈಗಿಟ್ಟಳು. ಕಾಲುದಾರಿಯ ಪಕ್ಕ ಎಳೆಯ ಹುಲ್ಲು ಬೆಳೆದಿತ್ತು. ಅದನ್ನು ತುಳಿಯದೆ, ಸುತ್ತು ಹಾಕಿ ನಡೆದಳು. ಏನೋ ಗುನುಗುತ್ತಿದ್ದಳು.

ನಾನು ಮಾತ್ರ ಒಂದು ಮಾತಿಗಾಗಿ ಕಾಯುತ್ತಿದ್ದೆ. ಯೋಚಿಸಿ ನೋಡಿ, ಆ ಗಳಿಗೆಯಲ್ಲಿ ನಾನು ಬಾಯಿ ತೆರೆದಿದ್ದರೆ ಏನಾಗುತ್ತಿತ್ತು? ಈ ವಿಜಯದಲ್ಲಿ ಅಮ್ಮನ ಪಾಲಿದೆ, ಇವಳ ಪಾಲಿದೆ, ಒಪ್ಪುತ್ತೇನೆ. ಆದರೆ ನಿರ್ಣಾಯಕ ಕ್ಷಣದಲ್ಲಿ ನಾನು ತೋರಿದ ಆ ಭೀಷಣ, ಗಂಭೀರ, ಐತಿಹಾಸಿಕ ಮೌನ! ಅದರ ಬಗ್ಗೆ ಒಂದು ಅಧ್ಯಾಯವಾದರೂ ಬೇಡವೇ? ಪೇರಲ ಹಣ್ಣು ಮುಗಿಯಿತು. ಎರಡು ತಿರುವು ದಾಟಿದೆವು. ಅವಳು ಆ ವಿಷಯ ಎತ್ತಲೇ ಇಲ್ಲ. ಕಡೆಗೆ ನಾನೇ ಗಂಟಲು ಸರಿಮಾಡಿಕೊಂಡೆ.

"ಅಲ್ಲ ಕಣೇ, ಅವರು 'ಇಷ್ಟೇನಾ' ಅಂದಾಗ ನಾನು ಒಂದೇ ಒಂದು ಮಾತೂ ಆಡದೆ ಕೂತಿದ್ದೆನಲ್ಲ, ಆಗ ನಿನಗೆ ಏನನ್ನಿಸ್ತು? ಸಂಕೋಚ ಪಡಬೇಡ, ನಿಜ ಹೇಳು. ಹೆಮ್ಮೆ ಅನ್ನಿಸ್ತಾ, ಪ್ರೀತಿ ಉಕ್ಕಿ ಬಂತಾ, ಇಂಥ ಗಂಡ ಸಿಕ್ಕಿದ್ದಕ್ಕೆ ಒಂಥರಾ ಧನ್ಯತಾಭಾವ ಮೂಡ್ತಾ, ಅಥವಾ ಇವೆಲ್ಲಾ ಸೇರಿ ಬೇರೇನೋ ಒಂದು, ಮಾತಲ್ಲಿ ಹೇಳೋಕೆ ಬಾರದೇ ಇರೋವಂಥದ್ದು..."

"ನೆಮ್ಮದಿ" ಎಂದಳು.